ಸರಿಯಾಗಿ ಇಳಿದವಳು

ಹಿಲ್ಡಾ ನಮ್ಮೂರಿನ ಮೈದಾನದಲ್ಲಿ ವಿಮಾನವನ್ನು ಸರಿಯಾಗಿ ಇಳಿಸಿಬಿಟ್ಟಳು. ಊರಿಗೆ ಊರೇ ಅವಳನ್ನು ಅನುಮಾನಿಸಲು ಅಷ್ಟೇ ಸಾಕಾಯಿತು.

ನಮ್ಮೂರಿಗೆ ಸಣ್ಣ ವಿಮಾನಗಳು ಬರುವುದು ಹೊಸದೇನಲ್ಲ. ಒಂದೇ ಇಂಜಿನ್ನು, ಎರಡೋ ನಾಲ್ಕೋ ಸೀಟು, ಯಾರೋ ದುಡ್ಡಿರುವವರೋ ಹುಚ್ಚಿರುವವರೋ ಸ್ವಂತಕ್ಕೆ ಅಂತ ಇಟ್ಟುಕೊಂಡಂಥವು. ಬರುತ್ತವೆ, ಬೀಳುತ್ತವೆ. ಕೆಲವು ನೆಲಕ್ಕೆ ತಾಗಿದ್ದೇ ಚೆಂಡಿನ ಹಾಗೆ ಪುಟಿಪುಟಿದು ಮೂತಿ ಊರುತ್ತವೆ. ಕೆಲವು ಚಕ್ರ ಇಳಿಸುವುದನ್ನೇ ಮರೆತು ಹೊಟ್ಟೆಯ ಮೇಲೆ ಜಾರುತ್ತವೆ. ಕೆಲವಂತೂ ಮೈದಾನ ಮುಗಿದರೂ ನಿಲ್ಲದೆ ದೋಬಿಘಾಟಿಗೆ ನುಗ್ಗಿ, ಒಣಹಾಕಿದ ಸೀರೆ ಪಂಚೆಗಳನ್ನೆಲ್ಲ ಮೈಗೆ ಸುತ್ತಿಕೊಂಡು ನಿಲ್ಲುತ್ತವೆ. ಅಡ್ಡಗಾಳಿಗೆ ಸಿಕ್ಕಿ ಒಂದು ರೆಕ್ಕೆ ನೆಲಕ್ಕೆ ತಾಗಿತೋ, ಬುಗುರಿಯೇ! ನನಗೆ ಅದು ಬಹಳ ಇಷ್ಟ, ಅಂದರೆ ನೋಡುವುದಕ್ಕೆ. ಸತ್ತವರು ಯಾರೂ ಇಲ್ಲ. ಸರಿಯಾಗಿ ಇಳಿದವರೂ ಯಾರೂ ಇಲ್ಲ. ಯಾಕೆ ಹೀಗೆ ಅಂತ ನಮ್ಮಲ್ಲಿ ಯಾರೂ ಕೇಳುವುದಿಲ್ಲ, ಬೇಸಿಗೆಯಲ್ಲಿ ಸೆಕೆ ಯಾಕೆ ಅಂತ ಯಾರಾದರೂ ಕೇಳುತ್ತಾರೆಯೇ? ನಮ್ಮ ಮನೆಗಳ ಮೇಲೆ ಹೆಂಚಿನ ಬದಲು ರೆಕ್ಕೆಗಳಿವೆ, ಮಳೆ ಬಂದರೆ ಇಡೀ ಬೀದಿ ತಮಟೆ ಬಾರಿಸುತ್ತದೆ. ಮಕ್ಕಳನ್ನು ತೊಟ್ಟಿಲಲ್ಲಿ ಮಲಗಿಸಿ ಸೀಟ್ ಬೆಲ್ಟು ಹಾಕುತ್ತೇವೆ.

ಬಿದ್ದವರನ್ನು ನೋಡಿಕೊಳ್ಳಲು ಪುಟ್ಟೀರಮ್ಮನ ದಂಡು ಇದೆ. ಇಂಜಿನ್ನಿನ ಸದ್ದು ಕಿವಿಗೆ ಬಿದ್ದಿದ್ದೇ ತಡ, ಆಯಮ್ಮ ಹಗ್ಗದ ಮಂಚ, ಒದ್ದೆ ಕಂಬಳಿ, ಬೆಲ್ಲದ ನೀರಿನ ಚೊಂಬು ಹೊರಿಸಿಕೊಂಡು ಮೈದಾನದಲ್ಲಿ ಹಾಜರ್. ಬಿದ್ದವರನ್ನು ಯಾರ ಮನೆಯಲ್ಲಿ ಹಾಸಿಗೆ ಖಾಲಿ ಇದೆಯೋ ಅಲ್ಲಿಗೆ ಒಯ್ಯುತ್ತಾರೆ. ಮೂಳೆ ಕೂಡುವ ತನಕ ಗಂಜಿ. ಅವರು ಎದ್ದು ಓಡಾಡುವಷ್ಟರಲ್ಲಿ ತಗಡು ಕೆಲಸದ ಖಲಂದರ್ ಮಾಮ ವಿಮಾನವನ್ನು ಬಿಚ್ಚಿ ಊರಿಗೆಲ್ಲ ಹಂಚಿ ಮುಗಿಸಿರುತ್ತಾನೆ. ಇನ್ನು ಹೋಗುವುದು ಯಾವುದರಲ್ಲಿ? ಸಂತೆ ಲಾರಿ ಇದೆ ನಿಜ, ಆದರೆ ಹಾರಿ ಬಂದವರು ಲಾರಿ ಹತ್ತಿ ಹೋಗುವುದುಂಟೇ? ಇಲ್ಲೇ ಉಳಿಯುತ್ತಾರೆ. ನಮ್ಮಪ್ಪನೂ ಹಾಗೆ ಉಳಿದವನೇ. ಹಳದಿ ವಿಮಾನದಲ್ಲಿ ಬಂದು ಬಿದ್ದು, ಭುಜದ ಮೂಳೆ ಮುರಿದುಕೊಂಡು, ಅಮ್ಮ ಕುಡಿಸಿದ ಗಂಜಿ ಕುಡಿದು, ಆಮೇಲೆ ಅಮ್ಮನನ್ನೇ ಮದುವೆಯಾಗಿ ಸೈಕಲ್ ಅಂಗಡಿ ಇಟ್ಟ. ನನಗೆ ಕಾದಂಬಿನಿ ಅಂತ ಹೆಸರಿಟ್ಟವನೂ ಅವನೇ. ಮೋಡಗಳ ಸಾಲು ಅಂತ ಅರ್ಥವಂತೆ. ಊರವರ ಬಾಯಲ್ಲಿ ನಾನು ಕಾದು. ಆಕಾಶದಲ್ಲಿ ಸದ್ದಾದರೆ ಊರೆಲ್ಲ ಮೇಲೆ ನೋಡುತ್ತದೆ, ನಾನಂತೂ ಬಾಯಲ್ಲಿದ್ದ ತುತ್ತು ಬಿಟ್ಟು ಓಡುತ್ತೇನೆ. ಅಪ್ಪ ಮಾತ್ರ ತಲೆ ಎತ್ತದೆ ಪಂಚರ್ ಹಾಕುತ್ತಿರುತ್ತಾನೆ.

ಅವತ್ತು ನಾನು ನೀರಿನ ಟ್ಯಾಂಕಿನ ಮೆಟ್ಟಿಲ ಮೇಲಿದ್ದೆ. ಬಿಳಿ ವಿಮಾನ, ರೆಕ್ಕೆ ತಲೆಯ ಮೇಲೆ, ಹಿಂದೆ ಎರಡು ಚಕ್ರ ಮುಂದೆ ಒಂದು. ಬಂತು. ಈಗ ಪುಟಿಯುತ್ತದೆ, ಈಗ ತಿರುಗುತ್ತದೆ ಅಂತ ಮೆಟ್ಟಿಲ ಕಂಬಿ ಹಿಡಿದು ಕಾದೆ. ಹಿಂದಿನ ಚಕ್ರಗಳು ಹುಲ್ಲನ್ನು ಸವರಿದವು, ಮೂತಿ ಮೆಲ್ಲಗೆ ಕೆಳಗಿಳಿಯಿತು, ವಿಮಾನ ಎತ್ತಿನಗಾಡಿಯ ಹಾಗೆ ನಿಧಾನ ಬಂದು ಪುಟ್ಟೀರಮ್ಮನ ಮಂಚದ ಮುಂದೆ ನಿಂತಿತು.

ಪುಟ್ಟೀರಮ್ಮನಿಗೆ ಕಣ್ಣು ಮಂಜು. "ಏನಾಯ್ತು?" ಅಂದಳು.

"ನಿಂತ್ಕೊಂತು," ಅಂದ ಖಲಂದರ್ ಮಾಮ.

"ನಿಂತ್ಕೊಂತು ಅಂದ್ರೆ?"

"ಸುಮ್ನೆ ನಿಂತ್ಕೊಂತು ಕಣಮ್ಮ. ಹೆಂಗೆ ಹೇಳೋದು ಇದನ್ನ?"

ಬಾಗಿಲು ತೆರೆದು ಒಬ್ಬಳು ಗಟ್ಟಿಮುಟ್ಟು ಹೆಂಗಸು ಇಳಿದಳು. ಅಡ್ಡಬೈತಲೆ, ಕಪ್ಪು ಕನ್ನಡಕ, ಪ್ಯಾಂಟಿನ ಜೇಬಿನಲ್ಲಿ ಗೋಡಂಬಿಯ ಪೊಟ್ಟಣ. "ನಮಸ್ಕಾರ! ನಾನು ಹಿಲ್ಡಾ. ಇಲ್ಲಿ ಪೆಟ್ರೋಲ್ ಸಿಗ್ತದಾ ಮಾರಾಯ್ರೆ?"

"ಮಲ್ಕೋ ತಾಯಿ," ಅಂದಳು ಪುಟ್ಟೀರಮ್ಮ, ಮಂಚ ತೋರಿಸಿ.

"ಮಲಗುದಾ? ಎಂತಕ್ಕೆ?"

"ಬಿದ್ದಿದೀಯಲ್ಲ."

"ನಾನೆಲ್ಲಿ ಬಿದ್ದೆ? ಇಳಿದದ್ದಲ್ವಾ?"

"ಎಲ್ರೂ ಹಂಗೇ ಅಂತಾರೆ. ಮಲ್ಕೋ." ಅಂತ ಅವಳನ್ನು ಅಲ್ಲೇ ಹಿಡಿದು ಭುಜದಿಂದ ಕಣಕಾಲಿನ ತನಕ ಒತ್ತಿ ಒತ್ತಿ ನೋಡಿದಳು. ಹಿಲ್ಡಾ ಕಚಗುಳಿಯಾಗಿ ನಗುತ್ತಿದ್ದರೆ ಪುಟ್ಟೀರಮ್ಮನ ಮುಖ ಸಣ್ಣದಾಗುತ್ತ ಹೋಯಿತು. "ಒಂದು ಮೂಳೆನೂ ಮುರ್ದಿಲ್ಲ," ಅಂತ ನಮ್ಮ ಕಡೆ ತಿರುಗಿ ಪಿಸುಗುಟ್ಟಿದಳು. "ಇವ್ಳು ಬೇಕಂತ್ಲೇ ಬಂದಿದಾಳೆ ಕಣ್ರೋ."

ಆ ಮಾತು ಕೇಳಿ ನನಗೂ ಮೈ ಜುಂ ಅಂದಿತು. ಬಿದ್ದವರಿಗೆ ಉದ್ದೇಶ ಇರುವುದಿಲ್ಲ. ಅವರು ಎಲ್ಲಿಗೋ ಹೊರಟವರು, ಇಲ್ಲಿ ಬಿದ್ದರು, ಅಷ್ಟೇ. ಅದಕ್ಕೇ ಅವರನ್ನು ಕಣ್ಣು ಮುಚ್ಚಿ ನಂಬಬಹುದು. ಬೇಕಂತಲೇ ಬಂದವರಿಗೆ ಏನೋ ಬೇಕಿರುತ್ತದೆ.

ಹಾಸಿಗೆ ಖಾಲಿ ಇದ್ದದ್ದು ನಮ್ಮ ಮನೆಯಲ್ಲಿ, ಹಾಗಾಗಿ ಹಿಲ್ಡಾ ನಮ್ಮ ಮನೆಗೆ ಬಂದಳು. ಪೆಟ್ರೋಲು ಬರುವುದು ಸಂತೆ ಲಾರಿಯಲ್ಲಿ, ಅಲ್ಲಿಯ ತನಕ ಅವಳಿಗೆ ಬೇರೆ ದಾರಿ ಇರಲಿಲ್ಲ. ಅಮ್ಮ ರೂಢಿಯ ಹಾಗೆ ಗಂಜಿ ತಂದಿಟ್ಟಳು. ಹಿಲ್ಡಾ ಅದನ್ನೂ ಕುಡಿದು, "ಇದಕ್ಕೊಂದು ಒಣಮೀನಿನ ಚಟ್ನಿ ಇದ್ರೆ ಉಂಟಲ್ಲಾ ಅಕ್ಕ..." ಅಂದಳು. ಅಪ್ಪ ಅಂಗಡಿಯಿಂದ ಬಂದವನು ಹೊಸ್ತಿಲಲ್ಲೇ ನಿಂತುಬಿಟ್ಟ.

"ನೀವೂ ಪೈಲಟ್ ಅಂತೆ?" ಹಿಲ್ಡಾ ಕೇಳಿದಳು.

"ಇದ್ದೆ."

"ಈಗ?"

"ಈಗ ಸೈಕಲ್."

ಅಮ್ಮ ನಗಲಿಲ್ಲ. ಅಪ್ಪನ ಮುಖ ನೋಡಿದಳು, ಆಮೇಲೆ ಹಿಲ್ಡಾಳ ಮುಖ ನೋಡಿದಳು, ಗಂಜಿಯ ಬಟ್ಟಲು ತೆಗೆದುಕೊಂಡು ಒಳಗೆ ಹೋದಳು.

ಮಾರನೆಯ ದಿನವೇ ಊರಿನ ಜಗಲಿಗಳಲ್ಲಿ ಬೇರೆ ಮಾತೇ ಇಲ್ಲ. ಖಲಂದರ್ ಮಾಮ ಸ್ಪ್ಯಾನರ್ ಹಿಡಿದು ಹೋಗಿದ್ದನಂತೆ, ಮುಟ್ಟಬೇಡಿ ಅಂದಳಂತೆ. "ಮುಟ್ಬೇಡಿ ಅನ್ನೋವಂಥದ್ದು ಅದ್ರಲ್ಲೇನಿದೆ ಹೇಳಿ?" ಅಂತ ಅವನು ಸಿಕ್ಕವರನ್ನೆಲ್ಲ ಕೇಳಿದ. ಅವಳು ಕನ್ನಡಕ ತೆಗೆಯುವುದಿಲ್ಲ ಅಂತ ಒಬ್ಬರು, ಬೆಳಗ್ಗೆ ಎದ್ದು ಆಕಾಶ ನೋಡಿ ಏನೋ ಗೊಣಗುತ್ತಾಳೆ ಅಂತ ಇನ್ನೊಬ್ಬರು. ಆದರೆ ನನ್ನ ಎದೆಗೆ ನಾಟಿದ ಮಾತು ಪುಟ್ಟೀರಮ್ಮನದು. ಅವಳು ವಿಮಾನದ ಕಿಟಕಿಗೆ ಮೂಗು ಒತ್ತಿ ಒಳಗೆ ಇಣುಕಿ ಬಂದಿದ್ದಳು. "ಎರಡು ಸೀಟೈತೆ. ಬಂದಿರೋಳು ಒಬ್ಳು. ಇನ್ನೊಂದು ಯಾರಿಗೆ?"

ಯಾರಿಗೆ? ನನಗೆ ಗೊತ್ತಾಗಿಹೋಯಿತು. ಊರಿನಲ್ಲಿ ಬಿದ್ದವರು ಬಹಳ ಜನ ಇದ್ದಾರೆ, ಆದರೆ ಹೆಚ್ಚಿನವರಿಗೆ ವಯಸ್ಸಾಗಿದೆ, ಉಳಿದವರು ವಿಮಾನ ಅಂದರೆ ಕೈಮುಗಿಯುತ್ತಾರೆ. ಅಪ್ಪ ಒಬ್ಬನೇ ಆಕಾಶದ ಸುದ್ದಿಯನ್ನು ಒಳ್ಳೆಯದೂ ಕೆಟ್ಟದ್ದೂ ಆಡದೆ ಬಾಯಿ ಹೊಲಿದುಕೊಂಡು ಕೂತವನು. ಈ ಊರಿನಲ್ಲಿ ಮೊದಲ ಸಲ ಮುರಿಯದ ವಿಮಾನ ನಿಂತಿದೆ, ಪಕ್ಕದ ಸೀಟು ಖಾಲಿ ಇದೆ. ಲಾರಿ ಬಂದ ಮರುದಿನ ಅಪ್ಪ ನಮ್ಮ ಪಾಲಿಗೆ ಇಲ್ಲ!

ಅವತ್ತಿನಿಂದ ಅಪ್ಪನ ಬೆನ್ನು ಬಿಡಲಿಲ್ಲ. ಬೆಳಕು ಹರಿಯುವ ಹೊತ್ತಿಗೆ ಅವನು ಎದ್ದು ಹೊರಟರೆ ನಾನೂ ಹಿಂದೆ. ದೋಬಿಘಾಟಿನ ಹೊದಿಕೆಗಳ ಮರೆಯಲ್ಲಿ ನಿಂತು ನೋಡುತ್ತಿದ್ದೆ. ಅವನು ವಿಮಾನಕ್ಕೆ ಒಂದು ಸುತ್ತು ಬರುತ್ತಿದ್ದ, ರೆಕ್ಕೆಯ ಅಂಚಿನ ಮೇಲೆ ಬೆರಳು ಎಳೆಯುತ್ತಿದ್ದ, ಆಮೇಲೆ ಮುಂದಿನ ಚಕ್ರದ ಪಕ್ಕ ಕುಕ್ಕರುಗಾಲಿನಲ್ಲಿ ಕೂತುಬಿಡುತ್ತಿದ್ದ, ಜ್ವರ ಬಂದ ಕರುವಿನ ಪಕ್ಕ ಕೂತ ಹಾಗೆ. ಮನೆಗೆ ಬಂದ ಮೇಲೆ, "ಎಲ್ಲಿಗೆ ಹೋಗಿದ್ದೆ ಅಪ್ಪ?" ಅಂದರೆ, "ಗಾಳಿಗೆ" ಅನ್ನುತ್ತಿದ್ದ. ಬೆರಳಿನ ತುಂಬ ಗ್ರೀಸು. ಗಾಳಿಗೆ ಹೋದವರ ಬೆರಳಿಗೆ ಗ್ರೀಸು ಎಲ್ಲಿಂದ ಬರಬೇಕು?

ಅಮ್ಮನಿಗೆ ಹೇಳೋಣ ಅಂತ ಹಿತ್ತಿಲಿಗೆ ಹೋದರೆ ಅಲ್ಲಿ ಅಪ್ಪನ ಹಳೆಯ ಚರ್ಮದ ಕೋಟು ತಂತಿಯ ಮೇಲೆ ನೇತಾಡುತ್ತಿತ್ತು, ಬಿದ್ದ ದಿನ ಅವನ ಮೈಮೇಲಿದ್ದದ್ದು. ನಾನು ಹುಟ್ಟಿದ ಮೇಲೆ ಅದು ಟ್ರಂಕಿನಿಂದ ಹೊರಗೆ ಬಂದದ್ದೇ ಇಲ್ಲ.

"ಇದ್ಯಾಕಮ್ಮ ಈಗ?"

"ಮುಗ್ಗುಲು ವಾಸ್ನೆ ಬರ್ತಿತ್ತು. ಬಿಸಿಲಿಗೆ ಹಾಕ್ದೆ." ಅಮ್ಮ ನನ್ನ ಕಡೆ ನೋಡಲಿಲ್ಲ.

ಆ ಮಧ್ಯಾಹ್ನ ರೊಟ್ಟಿ ತಟ್ಟುತ್ತ ಹಿಲ್ಡಾಳನ್ನು ಕೇಳುತ್ತಿದ್ದಳು. "ಮೇಲೆ ಬಾಳ ಚಳಿನಾ?"

"ಓ, ಕಿವಿ ಎಲ್ಲ ಮರಗಟ್ತದೆ ಅಕ್ಕ. ಏನಾದ್ರೂ ದಪ್ಪದ್ದು ಹಾಕ್ಬೇಕು."

"ಮೇಲಿಂದ ನೋಡಿದ್ರೆ ಇದು ನಮ್ಮನೆ ಅಂತ ಗುರ್ತು ಸಿಗುತ್ತಾ?"

"ಸಿಗ್ತದೆ, ಸಿಗ್ತದೆ. ನಿಮ್ಮ ಮನೆ ಮೇಲೆ ಹಳದಿ ರೆಕ್ಕೆಯ ಮಾಡು ಉಂಟಲ್ವಾ?"

ನಾನು ಬಾಗಿಲ ಸಂದಿಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡೆ. ಅಂದರೆ ಅಮ್ಮನಿಗೆ ಮೊದಲೇ ಗೊತ್ತಿದೆ! ಗೊತ್ತಿದ್ದೂ ಅಪ್ಪನನ್ನು ಕಳಿಸಿಕೊಡಲು ಕೋಟು ಒಣಗಿಸುತ್ತಿದ್ದಾಳೆ! ಹಿಲ್ಡಾ ಕೈ ತೊಳೆಯಲು ಹೋದ ಮೇಲೆ ನಾನು ತಡೆಯಲಾರದೆ ಕೇಳಿಯೇ ಬಿಟ್ಟೆ. "ಅಮ್ಮಾ, ಹೋಗಿಬಿಟ್ರೆ ಏನ್ ಮಾಡ್ತೀಯ?"

ಅಮ್ಮನ ಕೈ ನಿಂತಿತು. "ಹೋದೋರು ಬರ್ತಾರೆ ಬಿಡೇ."

"ಈ ಊರಿಂದ ಹೋದೋರೇ ಇಲ್ಲ, ಇನ್ನು ಬರೋದೆಲ್ಲಿಂದ?"

"ಅದೂ ನಿಜಾನೇ," ಅಂದಳು. ಕಾವಲಿಯ ಮೇಲಿನ ರೊಟ್ಟಿ ಕರಿಕಲಾಯಿತು. ಹತ್ತು ಜನಕ್ಕೆ ಮಾತನಾಡುತ್ತಲೇ ರೊಟ್ಟಿ ಬೇಯಿಸುವ ನಮ್ಮ ಅಮ್ಮನ ರೊಟ್ಟಿ.

ಲಾರಿ ಬಂದ ಸಂಜೆ ಪುಟ್ಟೀರಮ್ಮ ನನ್ನನ್ನು ಕರೆಸಿದಳು. ಜಗಲಿಯ ಮೇಲೆ ಖಲಂದರ್ ಮಾಮ ಸುತ್ತಿಗೆ ಇಟ್ಟುಕೊಂಡು ಕೂತಿದ್ದ. "ನೋಡವ್ವ ಕಾದು," ಅಂದಳು ಪುಟ್ಟೀರಮ್ಮ, "ಆ ಹೆಣ್ಣಿನ ಮೇಲೆ ನಮಗೇನೂ ಹಗೆ ಇಲ್ಲ. ಆ ವಿಮಾನ ಒಂದಿಷ್ಟು ಮುರೀತು ಅಂದ್ರೆ ಅವ್ಳೂ ನಮ್ಮೋಳೇ ಆಗ್ತಾಳೆ, ನಾನೇ ಗಂಜಿ ಕುಡಿಸ್ತೀನಿ. ಬಿದ್ದಿದ್ದನ್ನೆಲ್ಲ ಓಡಿಹೋಗಿ ನೋಡೋಳು ನೀನು, ಎಲ್ಲಿ ಹೊಡೆದ್ರೆ ಮೆತ್ತಗೆ ಮುರಿಯುತ್ತೆ, ನಿಂಗೆ ಗೊತ್ತಿರುತ್ತೆ, ತೋರ್ಸು."

ನನಗೆ ಗೊತ್ತಿತ್ತು. ಹಿಂದಿನ ರೆಕ್ಕೆಯ ಕೀಲಿಗೆ ಒಂದು ಏಟು ಸಾಕಿತ್ತು, ಅಪ್ಪ ಮನೆಯಲ್ಲೇ ಉಳಿಯುತ್ತಿದ್ದ. ಬಾಯಿ ತುದಿಗೆ ಬಂದಿತ್ತು. ಆದರೆ ಆ ವಿಮಾನ ಹುಲ್ಲು ಸವರಿದ ರೀತಿ ಕಣ್ಣ ಮುಂದೆ ಬಂತು. ಜನ್ಮದಲ್ಲಿ ಒಂದೇ ಒಂದು ಸಲ ನೋಡಿದ್ದೆ ಅದನ್ನು. "ಯೋಚ್ನೆ ಮಾಡಿ ನಾಳೆ ಹೇಳ್ತೀನಿ ಪುಟ್ಟೀರಮ್ಮ," ಅಂದು ಎದ್ದುಬಂದೆ. ಅವಳು ನನ್ನನ್ನೂ ಅನುಮಾನದಿಂದಲೇ ನೋಡಿದಳು.

ಬೆಳಗ್ಗೆ ಇಂಜಿನ್ನಿನ ಸದ್ದಿಗೇ ಎಚ್ಚರವಾದದ್ದು. ಅಪ್ಪನ ಹಾಸಿಗೆ ಖಾಲಿ. ತಂತಿಯ ಮೇಲೆ ಕೋಟು ಇಲ್ಲ. ನಾನು ಚಪ್ಪಲಿಯೂ ಇಲ್ಲದೆ ಮೈದಾನಕ್ಕೆ ಓಡಿದೆ. ಊರಿನ ಅರ್ಧ ಜನ ಆಗಲೇ ನೆರೆದಿದ್ದರು, ಮಂಚವೂ ಬಂದಿತ್ತು. ಬಿಳಿ ವಿಮಾನ ಆ ತುದಿಯಲ್ಲಿ ತಿರುಗಿ ನಿಂತಿತ್ತು, ಗಾಜಿನ ಹಿಂದೆ ಎರಡು ತಲೆ. ಒಂದಕ್ಕೆ ಕಪ್ಪು ಕನ್ನಡಕ, ಇನ್ನೊಂದರ ಕೆಳಗೆ ಚರ್ಮದ ಕೋಟಿನ ಕಾಲರು. "ಅಪ್ಪಾ!" ಅಂತ ಗಂಟಲು ಹರಿಯುವ ಹಾಗೆ ಕೂಗಿಕೊಂಡೆ. "ಅಪ್ಪಾ, ಇಳಿಯೋ!"

"ಏನೇ?" ಅಂತ ನನ್ನ ಹಿಂದಿನಿಂದ ದನಿ ಬಂತು.

ಅಪ್ಪ ನನ್ನ ಬೆನ್ನ ಹಿಂದೆಯೇ ನಿಂತಿದ್ದ. ಬನಿಯನ್ನು, ಲುಂಗಿ, ಬಲಗೈ ಮುಷ್ಟಿ. ನಾನು ಅವನನ್ನು ನೋಡಿದೆ, ವಿಮಾನವನ್ನು ನೋಡಿದೆ, ಮತ್ತೆ ಅವನನ್ನು ನೋಡಿದೆ. ಕಾಲರಿನ ಮೇಲೆ ಕಾಣುತ್ತಿದ್ದದ್ದು ಅಮ್ಮನ ತುರುಬು. ನಮ್ಮ ಸರ್ವಮಂಗಳಮ್ಮ, ಈ ಊರಿನ ಆಚೆ ಕಾಲಿಡದವಳು, ಪೈಲಟ್ ಪಕ್ಕದ ಸೀಟಿನಲ್ಲಿ ಕೂತಿದ್ದಳು!

ಅಪ್ಪನ ತುಟಿ ಬಿಳಿಚಿತ್ತು. "ಈಗ ನಿಲ್ಲುತ್ತೆ," ಅನ್ನುತ್ತಿದ್ದ, ತನಗೆ ತಾನೇ. "ಈಗ ನಿಲ್ಲುತ್ತೆ, ಈಗ."

ನಿಲ್ಲಲಿಲ್ಲ. ವಿಮಾನ ಹೊರಟಿತು, ಹುಲ್ಲು ಮೆತ್ತಗಿದ್ದ ಕಾರಣಕ್ಕೋ ಏನೋ ಹಿಲ್ಡಾ ಮೊದಲೇ ಮೂತಿ ಎತ್ತಿಬಿಟ್ಟಳು, ಮುಂದಿನ ಚಕ್ರಕ್ಕೆ ಭಾರವೇ ಬೀಳಲಿಲ್ಲ. ನಮ್ಮ ಮುಂದೆ ಬರುವಷ್ಟರಲ್ಲಿ ನೆಲ ಬಿಟ್ಟಾಗಿತ್ತು. ಆಗ ಆ ಮುಂದಿನ ಚಕ್ರ ಗಡಗಡ ಅಲುಗಾಡಿ, ಕಳಚಿಕೊಂಡು ಕೆಳಗೆ ಬಿತ್ತು. ಎರಡು ಸಲ ಪುಟಿಯಿತು, ಉರುಳಿಕೊಂಡು ನೇರ ಗುಂಪಿನ ಕಡೆಗೇ ಬಂತು.

"ಬಿತ್ತು! ಬಿತ್ತು!" ಜನ ಚಪ್ಪಾಳೆ ತಟ್ಟಿದರು. ಅಷ್ಟು ದಿನದಿಂದ ಬಿಗಿಹಿಡಿದಿದ್ದ ಉಸಿರು ಬಿಟ್ಟ ಹಾಗೆ.

ಅಪ್ಪ ಇದ್ದಲ್ಲೇ ಕುಸಿದು ಕೂತ. ಮುಷ್ಟಿ ಬಿಚ್ಚಿದ. ಅದರಲ್ಲಿ ಒಂದು ನಟ್ಟು, ಮತ್ತೆ ಆ ನಟ್ಟು ಕಳಚದಂತೆ ತಡೆಯುವ ಕಡಾಣಿ, ಬೆರಳುದ್ದದ ಕಬ್ಬಿಣದ ಪಿನ್ನು. "ನಿಮ್ಮಮ್ಮ ಹೊರಡ್ತಾಳೆ ಅಂತ ಗೊತ್ತಿತ್ತು ಕಣೇ," ಅಂದ. "ಕೋಟು ಹೊರಗೆ ತೆಗೆದಾಗ್ಲೇ ಗೊತ್ತಾಯ್ತು. ಒಂದ್ಸಲ ಮೇಲೆ ಹೋದೋರು ವಾಪಸ್ ಬರಲ್ಲ ಇಲ್ಲಿಗೆ. ನಾನೇ ಬರ್ತಿರ್ಲಿಲ್ಲ. ಹುಲ್ಲಲ್ಲಿ ನಾಲ್ಕು ಮಾರು ಹೋಗೋದ್ರೊಳಗೆ ಕಳಚುತ್ತೆ, ಮೂತಿ ಊರಿ ನಿಂತ್ಬಿಡುತ್ತೆ, ಯಾರಿಗೂ ಏನೂ ಆಗಲ್ಲ ಅಂದ್ಕೊಂಡೆ..."

ನನ್ನ ಬಾಯಿಗೆ ಬಂದದ್ದನ್ನು ಇಲ್ಲಿ ಹೇಳಲಾರೆ. ಅಷ್ಟು ದಿನ ನಾನು ಇವನನ್ನು ಕಾದೆ, ಇವನು ಅವಳನ್ನು ಕಾದ, ಅವಳು ನಮ್ಮಿಬ್ಬರ ಎದುರಿಗೇ ಚಳಿ ಎಷ್ಟು ಅಂತ ವಿಚಾರಿಸುತ್ತ ರೊಟ್ಟಿ ತಟ್ಟುತ್ತಿದ್ದಳು! ಆದರೆ ಬೈಯಲು ಹೊತ್ತಿರಲಿಲ್ಲ. ಮೇಲೆ ಕೂತವರಿಗೆ ತಮ್ಮ ಹೊಟ್ಟೆಯ ಕೆಳಗಿನ ಚಕ್ರ ಕಾಣಿಸುವುದಿಲ್ಲ. ಊರಾಚೆ ವಿಮಾನ ವಾಪಸ್ ತಿರುಗುವುದು ಕಾಣುತ್ತಿತ್ತು, ಅಮ್ಮನಿಗೆ ಊರು ತೋರಿಸಲು ಒಂದು ಸುತ್ತು, ಅಷ್ಟೇ! ಹಿಲ್ಡಾ ಈಗ ಇಳಿಯಲು ಬರುತ್ತಾಳೆ, ಎಂದಿನ ಹಾಗೆ ಮೆಲ್ಲಗೆ ಮೂತಿ ಇಳಿಸುತ್ತಾಳೆ, ಆ ಓಟದಲ್ಲಿ ಮೂತಿಯ ಕಂಬಿ ನೆಲಕ್ಕೆ ಚುಚ್ಚಿಕೊಂಡರೆ ವಿಮಾನ ಪಲ್ಟಿ. ಈ ಊರಿನಲ್ಲಿ ಯಾರೂ ಸತ್ತಿಲ್ಲ, ನಿಜ. ಆದರೆ ಅವರೆಲ್ಲ ತಾವಾಗಿ ಬಿದ್ದವರು. ಯಾರೋ ಬೀಳಿಸಿದವರಿಗೂ ಅದು ಅನ್ವಯಿಸುತ್ತದೆಯೋ ಇಲ್ಲವೋ ನನಗೆ ಗೊತ್ತಿರಲಿಲ್ಲ.

ಚಕ್ರ ಎತ್ತಿಕೊಂಡು ಮೈದಾನದ ನಟ್ಟನಡುವೆ ಓಡಿದೆ. ಆಗಲೇ ವಿಮಾನ ತಿರುಗಿ, ತಗ್ಗಿ, ಎದುರಿಗೆ ಬರುತ್ತಿತ್ತು. ಚಕ್ರವನ್ನು ತಲೆಯ ಮೇಲೆ ಎತ್ತಿ ಹಿಡಿದು ನಿಂತೆ. ಚಕ್ರ ಭಾರ, ಗ್ರೀಸು ಮೊಣಕೈಗೆ ಇಳಿಯುತ್ತಿತ್ತು.

"ಅಡ್ಡ ನಿಲ್ಬೇಡ ಕಣೇ!" ಪುಟ್ಟೀರಮ್ಮ ಹಿಂದಿನಿಂದ ಕೂಗಿದಳು. "ಬೀಳ್ಲಿ ಬಿಡು, ಮಂಚ ತಯಾರೈತೆ!"

ನಾನು ಅಲುಗಲಿಲ್ಲ. ವಿಮಾನ ಬಂತು, ಬಂತು, ಗಾಜಿನ ಹಿಂದೆ ಕಪ್ಪು ಕನ್ನಡಕ ಕಂಡಿತು, ಇಂಜಿನ್ನು ಒಮ್ಮೆಲೇ ಅಬ್ಬರಿಸಿ ನನ್ನ ತಲೆಯ ಮೇಲಿಂದ ಹಾರಿಹೋಯಿತು. ಹೋಗುತ್ತ ಎಡರೆಕ್ಕೆ ಬಲರೆಕ್ಕೆ ಒಂದೊಂದು ಸಲ ತೂಗಿತು. ಕಂಡಿದೆ ಅಂತ ಅರ್ಥ!

ಎರಡನೆಯ ಸಲ ಬಂದಾಗ ನಾನು ಪಕ್ಕಕ್ಕೆ ಸರಿದಿದ್ದೆ. ಹಿಂದಿನ ಚಕ್ರಗಳು ಹುಲ್ಲು ಸವರಿದವು, ಹಿಲ್ಡಾ ಇಂಜಿನ್ ನಿಲ್ಲಿಸಿಬಿಟ್ಟಳು. ಸದ್ದಿಲ್ಲ. ವಿಮಾನ ಎರಡೇ ಚಕ್ರದ ಮೇಲೆ, ಮೂತಿ ಆಕಾಶಕ್ಕೆ ಎತ್ತಿ, ನೀರು ತುಂಬಿದ ಕೊಡ ಹೊತ್ತವಳ ಹಾಗೆ ಓಡಿತು, ಓಡಿತು, ವೇಗವೆಲ್ಲ ಕರಗುವ ತನಕ ಓಡಿತು. ಕೊನೆಗೆ ಇನ್ನು ಆಗುವುದಿಲ್ಲ ಅನ್ನುವಾಗ ಮೂತಿ ಕುಸಿಯಿತು, ಪ್ರೊಪೆಲ್ಲರಿನ ಒಂದು ಅಲಗು ನೆಲಕ್ಕೆ ಬಡಿದು ಬಗ್ಗಿತು, ಒಂದಿಷ್ಟು ಮಣ್ಣು ಕಿತ್ತು ವಾಲಿಕೊಂಡು ನಿಂತಿತು.

ಇಡೀ ಊರು ಹೋ ಎಂದು ಓಡಿತು. ಹಿಲ್ಡಾ ಬಾಗಿಲು ತೆರೆದು ಒಂದು ಕಾಲಿಟ್ಟಳು, ಹಾಗೇ ಹುಲ್ಲಿನ ಮೇಲೆ ಕೂತುಬಿಟ್ಟಳು. ಪುಟ್ಟೀರಮ್ಮ ಕಂಬಳಿ ಹಿಡಿದು ತಯಾರಿದ್ದಳು, ಮುಖದಲ್ಲಿ ಮಗಳ ಮದುವೆಯ ಕಳೆ. "ಈಗ ಮಲ್ಕೋ ತಾಯಿ."

"ಹೌದು ಮಾರಾಯ್ರೆ," ಅಂದಳು ಹಿಲ್ಡಾ. "ಈಗ ಮಲಗ್ತೇನೆ." ಮಂಚದ ಮೇಲೆ ಬಿದ್ದುಕೊಂಡಲ್ಲಿಂದಲೇ ಖಲಂದರ್ ಮಾಮನ ಕೈಯಲ್ಲಿದ್ದ ಸ್ಪ್ಯಾನರ್ ನೋಡಿ, "ಮುಟ್ಟಿದ್ರೆ ಉಂಟಲ್ಲಾ, ನಿಮ್ಮ ಕೈ ಮುರೀತೇನೆ," ಅಂದಳು. ಜನ ಮನಸಾರೆ ನಕ್ಕರು. ಎಲ್ಲರಿಗೂ ಅವಳು ಇಷ್ಟವಾಗಿಬಿಟ್ಟಿದ್ದಳು.

ಅಮ್ಮ ಆ ಕಡೆಯ ಬಾಗಿಲಿನಿಂದ ತಾನೇ ಇಳಿದಳು. ಕೋಟು ಮಂಡಿಯ ತನಕ, ತುರುಬು ಬಿಚ್ಚಿ ಬೆನ್ನ ಮೇಲೆ. ಮಂಚ ಬೇಕಾ ಅಂತ ಯಾರೋ ಕೇಳಿದರೆ ಕೇಳಿಸಿಕೊಳ್ಳಲೇ ಇಲ್ಲ. ನನ್ನ ಹತ್ತಿರ ಬಂದು, ಗ್ರೀಸು ಬಳಿದ ನನ್ನ ಕೆನ್ನೆಯನ್ನು ಹೆಬ್ಬೆರಳಿನಲ್ಲಿ ಒಂದು ಸಲ ಒರೆಸಿ, ಅಪ್ಪ ಕೂತಿದ್ದಲ್ಲಿಗೆ ಹೋದಳು.

"ಮೇಲಿಂದ ಎಲ್ಲ ಕಾಣ್ಸುತ್ತೆ," ಅಂದಳು. "ಎಲ್ರೂ ಓಡಾಡ್ತಿದ್ರು. ನೀವೊಬ್ರೇ ಕೂತಿದ್ರಿ. ಕೈ ತೋರ್ಸಿ."

ಅಪ್ಪ ಅಂಗೈ ಚಾಚಿದ. ಅಮ್ಮ ಆ ನಟ್ಟನ್ನೂ ಕಡಾಣಿಯನ್ನೂ ಎತ್ತಿಕೊಂಡು ತಿರುವಿ ನೋಡಿದಳು.

"ಬಾಯಿ ಬಿಟ್ಟು ಒಂದು ಮಾತು ಕೇಳೋಕಾಗ್ಲಿಲ್ವಾ?"

"ಕೇಳಿ, ನೀನು ಹೋಗ್ತೀನಿ ಅಂದ್ಬಿಟ್ಟಿದ್ರೆ?"

"ಹೋಗ್ತೀನಿ ಅಂತಾನೇ ಅಂತಿದ್ದೆ. ಬರ್ತೀನಿ ಅಂತಾನೂ ಅಂತಿದ್ದೆ. ಅದನ್ನ ನಂಬೋಕೆ ನಿಮಗೆ ಕಷ್ಟ ಆಯ್ತು, ಚಕ್ರ ಬಿಚ್ಚೋಕೆ ಸುಲಭ ಆಯ್ತು."

ಅಪ್ಪ ತಲೆ ಎತ್ತಲಿಲ್ಲ. "ತಪ್ಪಾಯ್ತು ಮಂಗಳಾ."

"ಆಗಿದೆ," ಅಂದಳು ಅಮ್ಮ. ನಟ್ಟನ್ನು ನನ್ನ ಕೈಗೆ ಹಾಕಿದಳು. ಬಿಚ್ಚಿದ ಕೂದಲನ್ನು ಎರಡೂ ಕೈಯಲ್ಲಿ ಒಟ್ಟು ಮಾಡಿ, ತಿರುವಿ ಗಂಟು ಹಾಕಿ, ಆ ಕಡಾಣಿಯನ್ನು ತುರುಬಿಗೆ ಅಡ್ಡ ಚುಚ್ಚಿ ಬಿಗಿದಳು. ಆಮೇಲೆ ಮನೆಯ ಕಡೆ ಹೊರಟಳು.

ಅಪ್ಪ ಎದ್ದ. ನನ್ನ ಕೈಯಿಂದ ಚಕ್ರ ಇಸಿದುಕೊಂಡು ಹೆಗಲ ಮೇಲಿಟ್ಟುಕೊಂಡು, ನಾಲ್ಕು ಹೆಜ್ಜೆ ಅಂತರ ಬಿಟ್ಟು ಅವಳ ಹಿಂದೆ ನಡೆದ. ಅಮ್ಮ ಮೈದಾನ ದಾಟಿ ಬೀದಿಗೆ ಬಂದಳು. ಬೀದಿಯ ತಿರುವಿನಲ್ಲಿ ನಿಂತು, ಪಕ್ಕಕ್ಕೆ ಸರಿದು ಅವನಿಗೆ ದಾರಿ ಬಿಟ್ಟಳು.

"ಹಿಂದೆ ಬರ್ಬೇಡಿ," ಅಂದಳು. "ಕಣ್ಣಿಗೆ ಕಾಣೋ ಹಂಗೆ ಮುಂದೆ ನಡೀರಿ."